ಕಾರ್ಬನ್-13 ಎನ್‌ಎಂಆರ್: ನಾಲ್ಕು ಆಯ್ಕೆಗೂ ಆರೇ ರೇಖೆಗಳು ಬಂದಾಗ ರಚನೆಯನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಎಂ.ಎಸ್‌ಸಿ. ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಸಾವಯವ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಅಂತಿಮ ವರ್ಷದಲ್ಲಿದ್ದು, ಸಿಎಸ್‌ಐಆರ್-ನೆಟ್ ಮತ್ತು ಕೆ-ಸೆಟ್ ಅರ್ಹತಾ ಪರೀಕ್ಷೆಗಳೆರಡಕ್ಕೂ ತಯಾರಿ ನಡೆಸುತ್ತಿದ್ದೇನೆ. ಪ್ರೋಟಾನ್ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ನ್ಯೂಕ್ಲಿಯಸ್‌ಗಳು ಕೊಡುವ ಸಿಗ್ನಲ್‌ನಿಂದ ಅಣುರಚನೆ ತಿಳಿಯುವ ವಿಧಾನ) ಲೆಕ್ಕಗಳಲ್ಲಿ ಕಪ್ಲಿಂಗ್ (ನೆರೆಯ ನ್ಯೂಕ್ಲಿಯಸ್‌ಗಳಿಂದ ರೇಖೆ ಸೀಳುವುದು) ಮತ್ತು ಇಂಟಿಗ್ರೇಷನ್ (ರೇಖೆಯ ಕೆಳಗಿನ ವಿಸ್ತೀರ್ಣ) ಇರುವುದರಿಂದ ಹೇಗೋ ದಾರಿ ಸಿಗುತ್ತದೆ. ಕಾರ್ಬನ್ ಲೆಕ್ಕದಲ್ಲಿ ಮಾತ್ರ ಬರೀ ಪಿಪಿಎಂ (ರೇಖೆಯ ಸ್ಥಾನ ಹೇಳುವ ಅಳತೆ) ಅಂಕಿಗಳ ಸಾಲೊಂದನ್ನು ಕೊಟ್ಟಿರುತ್ತಾರೆ, ಅದರಲ್ಲಿ ಯಾವುದನ್ನು ಮೊದಲು ನೋಡಬೇಕೆಂಬುದೇ ತಿಳಿಯುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಅಣುಸೂತ್ರ ಸಿ₈ಎಚ್₈ಒ₂, ಪ್ರೋಟಾನ್-ಡಿಕಪಲ್ಡ್ (ಹೈಡ್ರೋಜನ್‌ಗಳಿಂದಾಗುವ ಸೀಳನ್ನು ಅಳಿಸಿದ) ರೋಹಿತದಲ್ಲಿ 21, 122, 126, 129, 151 ಮತ್ತು 169 ಪಿಪಿಎಂನಲ್ಲಿ ಆರು ರೇಖೆಗಳು. ಆಯ್ಕೆಗಳು ಮೀಥೈಲ್ ಬೆಂಜೊಯೇಟ್, ಫೀನೈಲ್ ಅಸಿಟೇಟ್, ಪ್ಯಾರಾ-ಟೊಲುಯಿಕ್ ಆಮ್ಲ ಮತ್ತು ಫೀನೈಲ್ ಅಸಿಟಿಕ್ ಆಮ್ಲ. ಮೀಥೈಲ್ ಬೆಂಜೊಯೇಟ್ ಆಗಿದ್ದರೆ ಆಮ್ಲಜನಕಕ್ಕೆ ಅಂಟಿದ ಮೀಥೈಲ್ 50ರ ಆಚೆ ಬರಬೇಕಿತ್ತು, ಫೀನೈಲ್ ಅಸಿಟಿಕ್ ಆಮ್ಲದ ಮೆಥಿಲೀನ್ 40ರ ಸುಮಾರಿಗೆ ಬರಬೇಕಿತ್ತು. ಆದ್ದರಿಂದ ಅವೆರಡನ್ನೂ ಬಿಡಬಹುದು. ಉಳಿದ ಎರಡರಲ್ಲೂ 21ರ ಬಳಿ ಒಂದು ಮೀಥೈಲ್ ಇದೆ, ಇಬ್ಬರಿಗೂ ಕಾರ್ಬೊನಿಲ್ ಇದೆ, ನಮ್ಮ ನೋಟ್ಸ್‌ನ ಕೋಷ್ಟಕದಲ್ಲಿ ಆಮ್ಲ ಮತ್ತು ಎಸ್ಟರ್ ಎರಡಕ್ಕೂ 160–185 ಎಂದೇ ಬರೆದಿದೆ. ಇಲ್ಲಿಂದ ಮುಂದೆ ತೀರ್ಮಾನಿಸುವುದು ಹೇಗೆ?

ಇದರ ಜೊತೆಗೆ ಇನ್ನೆರಡು ಸಂದೇಹಗಳಿವೆ. ರೇಖೆ ಎತ್ತರವಾಗಿದ್ದರೆ ಅಲ್ಲಿ ಎರಡು ಕಾರ್ಬನ್‌ಗಳಿವೆ ಎಂದು ಹೇಳಬಹುದೇ? ಹಾಗೆಯೇ, ಕೋಷ್ಟಕವನ್ನು ಎಷ್ಟರ ಮಟ್ಟಿಗೆ ಬಾಯಿಪಾಠ ಮಾಡಬೇಕು? ನೆಟ್ ಪರೀಕ್ಷೆಯ ಸಿ ಭಾಗದಲ್ಲಿ ಪ್ರತಿ ಪ್ರಶ್ನೆಗೆ 4 ಅಂಕ, ತಪ್ಪಾದರೆ 1 ಅಂಕ ಕಡಿತ ಇರುವುದರಿಂದ ಅಂದಾಜಿನ ಮೇಲೆ ಗುರುತು ಹಾಕಲು ಧೈರ್ಯ ಬರುವುದಿಲ್ಲ.

ಉತ್ತರ 1: ಹಳೇ ಮೇಷ್ಟ್ರು

ಉತ್ತರ ಫೀನೈಲ್ ಅಸಿಟೇಟ್. ನೀವು ಎರಡು ತುದಿಯ ರೇಖೆಗಳನ್ನು ಚೆನ್ನಾಗಿ ಓದಿದ್ದೀರಿ, ಆದರೆ ತೀರ್ಪು ಇರುವುದು ನೀವು ಮುಟ್ಟದೇ ಬಿಟ್ಟ ನಡುವಿನ ನಾಲ್ಕು ರೇಖೆಗಳಲ್ಲಿ. ಬಹುತೇಕ ವಿದ್ಯಾರ್ಥಿಗಳು 110ರಿಂದ 160ರ ನಡುವೆ ಏನು ಕಂಡರೂ «ಬೆಂಜೀನ್ ಉಂಗುರ» ಎಂದು ಬರೆದು ಮುಂದೆ ಹೋಗುತ್ತಾರೆ. ಪ್ರಶ್ನೆ ತೆಗೆಯುವವರಿಗೂ ಅದು ಗೊತ್ತಿರುತ್ತದೆ.

ಮೊದಲು ಅಣುಸೂತ್ರ. ಕಾರ್ಬನ್‌ಗಳ ಎರಡರಷ್ಟಕ್ಕೆ 2 ಕೂಡಿಸಿ, ಹೈಡ್ರೋಜನ್‌ಗಳನ್ನು ಕಳೆದು, ಎರಡರಿಂದ ಭಾಗಿಸಿದರೆ ಅಸಂತೃಪ್ತತೆಯ ಸಂಖ್ಯೆ 5 ಬರುತ್ತದೆ. ಬೆಂಜೀನ್ ಉಂಗುರಕ್ಕೆ 4, ಕಾರ್ಬೊನಿಲ್‌ಗೆ 1. ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು. ಇನ್ನೊಂದು ಉಂಗುರಕ್ಕಾಗಲಿ ದ್ವಿಬಂಧಕ್ಕಾಗಲಿ ಈ ಅಣುವಿನಲ್ಲಿ ಜಾಗವಿಲ್ಲ. ಆದ್ದರಿಂದ 122, 126, 129 ಮತ್ತು 151 ನಾಲ್ಕೂ ಉಂಗುರದವೇ ಎಂದು ನಿಶ್ಚಿತವಾಗಿ ಹೇಳಬಹುದು.

ಎರಡನೆಯದು ಕಾರ್ಬನ್‌ಗಳ ಸಂಖ್ಯೆಗೂ ರೇಖೆಗಳ ಸಂಖ್ಯೆಗೂ ಇರುವ ಅಂತರ. ಇಲ್ಲಿ ಎಂಟು ಕಾರ್ಬನ್, ಆರು ರೇಖೆ, ಅಂದರೆ ಸಮಮಿತಿಯಿಂದಾಗಿ ಎರಡು ರೇಖೆಗಳು ಬೇರೆಯವುಗಳೊಳಗೆ ಸೇರಿಹೋಗಿವೆ. ಒಂದೇ ಬದಲಿ ಗುಂಪಿರುವ ಉಂಗುರವೂ ನಾಲ್ಕು ರೇಖೆ ಕೊಡುತ್ತದೆ, ಎರಡು ಬೇರೆ ಬೇರೆ ಗುಂಪುಗಳನ್ನು ಪ್ಯಾರಾ (ಎದುರುಬದುರು) ಸ್ಥಾನದಲ್ಲಿ ಹೊತ್ತ ಉಂಗುರವೂ ನಾಲ್ಕೇ ರೇಖೆ ಕೊಡುತ್ತದೆ. ನಿಮ್ಮ ನಾಲ್ಕು ಆಯ್ಕೆಗಳಿಗೂ ಆರು ರೇಖೆಗಳೇ ಬರುತ್ತವೆ. ಇದೇ ಅಣುಸೂತ್ರದ ಪ್ಯಾರಾ-ಅನಿಸಾಲ್ಡಿಹೈಡ್, 4-ಹೈಡ್ರಾಕ್ಸಿ ಅಸಿಟೊಫೀನೋನ್ ಮತ್ತು ಬೆಂಜೈಲ್ ಫಾರ್ಮೇಟ್‌ಗಳಿಗೂ ಆರೇ. ಹಾಗಾಗಿ ಈ ಪ್ರಶ್ನೆಯಲ್ಲಿ ಎಣಿಕೆಯಿಂದ ಪ್ರಯೋಜನವಿಲ್ಲ, ಆಯ್ಕೆಗಳನ್ನು ಬೇಕೆಂದೇ ಹಾಗೆ ಹೊಂದಿಸಿದ್ದಾರೆ.

ಎಣಿಕೆ ಕೈಕೊಟ್ಟಾಗ ನೋಡಬೇಕಾದದ್ದು ಉಂಗುರದ ಕಾರ್ಬನ್‌ಗಳಲ್ಲಿ ಎಷ್ಟಕ್ಕೆ ಹೈಡ್ರೋಜನ್ ಇದೆ ಎಂಬುದು. ಒಂದೇ ಗುಂಪಿರುವ ಉಂಗುರದಲ್ಲಿ ಹೈಡ್ರೋಜನ್ ಇಲ್ಲದ ಕಾರ್ಬನ್ ರೇಖೆ ಒಂದು, ಹೈಡ್ರೋಜನ್ ಇರುವವು ಮೂರು. ಪ್ಯಾರಾ ಉಂಗುರದಲ್ಲಿ ಎರಡು ಮತ್ತು ಎರಡು. ಪ್ರಶ್ನೆಯಲ್ಲಿ ಡೆಪ್ಟ್-135 (ಹೈಡ್ರೋಜನ್‌ಗಳ ಸಂಖ್ಯೆಗೆ ತಕ್ಕಂತೆ ಕಾರ್ಬನ್ ರೇಖೆಗಳನ್ನು ಬೇರ್ಪಡಿಸುವ ಪ್ರಯೋಗ) ಕೊಟ್ಟಿದ್ದರೆ ಈ ಒಂದೇ ಹೆಜ್ಜೆಗೆ ಉತ್ತರ ಬಂದುಬಿಡುತ್ತಿತ್ತು. ಡೆಪ್ಟ್-135ರಲ್ಲಿ ಮೀಥೈಲ್ (ಸಿಎಚ್₃) ಮತ್ತು ಮೆಥೈನ್ (ಸಿಎಚ್) ಮೇಲ್ಮುಖವಾಗಿ, ಮೆಥಿಲೀನ್ (ಸಿಎಚ್₂) ಕೆಳಮುಖವಾಗಿ ಬರುತ್ತವೆ, ಹೈಡ್ರೋಜನ್ ಇಲ್ಲದ ಕಾರ್ಬನ್ ಕಾಣುವುದೇ ಇಲ್ಲ. ಫೀನೈಲ್ ಅಸಿಟೇಟ್‌ನಲ್ಲಿ ಉಂಗುರದ 151 ಒಂದು ಮಾಯವಾಗಿ ಮೂರು ಉಳಿಯುತ್ತವೆ, ಟೊಲುಯಿಕ್ ಆಮ್ಲದಲ್ಲಿ ಎರಡು ಮಾಯವಾಗಿ ಎರಡು ಉಳಿಯುತ್ತವೆ.

ಡೆಪ್ಟ್ ಕೊಡದಿದ್ದಾಗ ಮಾತ್ರ ಪಿಪಿಎಂ ಅಂಕಿಗಳನ್ನೇ ನಂಬಬೇಕು. ಬೆಂಜೀನ್‌ನ ಸ್ವಂತ ರೇಖೆ 128.5ರಲ್ಲಿದೆ, ಉಂಗುರದ ಯಾವ ರೇಖೆಯನ್ನು ಕಂಡರೂ ಅದು 128.5ರಿಂದ ಎತ್ತ ಸರಿದಿದೆ ಎಂದು ಕೇಳಿಕೊಳ್ಳಿ. ಉಂಗುರಕ್ಕೆ ಆಮ್ಲಜನಕ ನೇರವಾಗಿ ಅಂಟಿದ್ದರೆ ಎರಡು ಗುರುತುಗಳು ಒಟ್ಟಿಗೇ ಸಿಗುತ್ತವೆ. ಆಮ್ಲಜನಕ ಹೊತ್ತ ಕಾರ್ಬನ್ 150–165ರವರೆಗೆ ಏರುತ್ತದೆ. ಆಮ್ಲಜನಕದ ಒಂಟಿ ಜೋಡಿ ಎಲೆಕ್ಟ್ರಾನ್‌ಗಳು ಉಂಗುರದೊಳಕ್ಕೆ ಹರಿದು ಆರ್ಥೋ ಮತ್ತು ಪ್ಯಾರಾ ಸ್ಥಾನಗಳಲ್ಲಿ ಎಲೆಕ್ಟ್ರಾನ್ ಸಾಂದ್ರತೆಯನ್ನು ಹೆಚ್ಚಿಸುವುದರಿಂದ ಆ ಕಾರ್ಬನ್‌ಗಳು 128.5ಕ್ಕಿಂತ ಕೆಳಗೆ ಇಳಿಯುತ್ತವೆ. ನಿಮ್ಮ ರೋಹಿತದಲ್ಲಿ 151 ಇಪ್ಸೊ (ಗುಂಪು ಅಂಟಿದ ಕಾರ್ಬನ್), 122 ಆರ್ಥೋ (ಅದರ ಪಕ್ಕದ್ದು), 126 ಪ್ಯಾರಾ, ಅಲುಗಾಡದೆ ನಿಂತಿರುವ 129 ಮೆಟಾ (ಆರ್ಥೋ ಮತ್ತು ಪ್ಯಾರಾ ನಡುವಿನದು). ಟೊಲುಯಿಕ್ ಆಮ್ಲದಲ್ಲಿ ಉಂಗುರಕ್ಕೆ ಆಮ್ಲಜನಕವೇ ಅಂಟಿಲ್ಲ. ಅದರ ಉಂಗುರದ ರೇಖೆಗಳು ಸುಮಾರು 127, 129, 130 ಮತ್ತು 145ರಲ್ಲಿ ಬರುತ್ತವೆ, ಕಾರ್ಬೊನಿಲ್ 172ರ ಆಸುಪಾಸಿನಲ್ಲಿರುತ್ತದೆ. 122ರ ರೇಖೆಯನ್ನು ಆ ಅಣುವಿನಲ್ಲಿ ಎಲ್ಲಿ ಕೂರಿಸಲೂ ಸಾಧ್ಯವಿಲ್ಲ.

ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುವ ಸಂಗತಿ ಇದು. ಇಂಥ ಸರಳ ಅಣುಗಳಲ್ಲಿ ಬೆಂಜೀನ್ ಉಂಗುರದ ಹೈಡ್ರೋಜನ್ ಇರುವ ಕಾರ್ಬನ್ 125ಕ್ಕಿಂತ ಕೆಳಗೆ ಕಂಡರೆ, ಉಂಗುರದ ಮೇಲೆ ಆಮ್ಲಜನಕ ಅಥವಾ ಸಾರಜನಕ ನೇರವಾಗಿ ಕುಳಿತಿದೆಯೇ ಎಂದು ಮೊದಲು ನೋಡಬೇಕು. ಮೀಥೈಲ್ ಬೆಂಜೊಯೇಟ್‌ನಲ್ಲೂ ಎರಡು ಆಮ್ಲಜನಕಗಳಿವೆ, ಆದರೆ ಉಂಗುರಕ್ಕೆ ಅಂಟಿರುವುದು ಎಲೆಕ್ಟ್ರಾನ್ ಎಳೆಯುವ ಕಾರ್ಬೊನಿಲ್. ಅಲ್ಲಿ ಪ್ಯಾರಾ ಕಾರ್ಬನ್ 133ಕ್ಕೆ ಏರುತ್ತದೆ, ಉಂಗುರದ ಯಾವ ರೇಖೆಯೂ 128ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಎಸ್ಟರ್ ಅನ್ನು ತಿರುಗಿಸಿ ಬರೆದರೆ ಉಂಗುರದ ರೋಹಿತ ಇಷ್ಟರ ಮಟ್ಟಿಗೆ ಬದಲಾಗುತ್ತದೆ ಎಂಬುದು ಗಮನಕ್ಕೆ ಬಂದರೆ ಈ ಜಾತಿಯ ಪ್ರಶ್ನೆಗಳು ಮುಂದೆ ತೊಂದರೆ ಕೊಡುವುದಿಲ್ಲ.

ಉತ್ತರ 2: ಎನ್‌ಎಂಆರ್ ಕೊಠಡಿ

ಮೇಷ್ಟ್ರು ಲೆಕ್ಕವನ್ನು ಪೂರ್ತಿ ಬಿಡಿಸಿದ್ದಾರೆ. ನಾನು ಸಂಶೋಧನಾ ವಿದ್ಯಾರ್ಥಿ, ಉಪಕರಣದ ಮುಂದೆಯೇ ಹೆಚ್ಚು ಹೊತ್ತು ಕಳೆಯುವವನು, ಆದ್ದರಿಂದ ರೇಖೆಯ ಎತ್ತರದ ಪ್ರಶ್ನೆಗೆ ಉತ್ತರಿಸುತ್ತೇನೆ.

ಸಾಮಾನ್ಯ ಡಿಕಪಲ್ಡ್ ರೋಹಿತದಲ್ಲಿ ಎತ್ತರದಿಂದ ಕಾರ್ಬನ್‌ಗಳನ್ನು ಎಣಿಸಬಾರದು. ಇದಕ್ಕೆ ಎರಡು ಕಾರಣಗಳಿವೆ. ಡಿಕಪ್ಲಿಂಗ್‌ಗಾಗಿ ಪ್ರೋಟಾನ್‌ಗಳನ್ನು ನಿರಂತರವಾಗಿ ಪ್ರಚೋದಿಸುವಾಗ, ನ್ಯೂಕ್ಲಿಯರ್ ಓವರ್‌ಹೌಸರ್ ಪರಿಣಾಮದಿಂದ, ಹೈಡ್ರೋಜನ್ ಹೊತ್ತ ಕಾರ್ಬನ್‌ಗಳ ಸಿಗ್ನಲ್ ಹೆಚ್ಚೆಂದರೆ ಮೂರು ಪಟ್ಟಿನವರೆಗೆ ಬೆಳೆಯಬಹುದು; ಹೈಡ್ರೋಜನ್ ಇಲ್ಲದ ಕಾರ್ಬನ್‌ಗಳಿಗೆ ಆ ಲಾಭ ಪೂರ್ತಿಯಾಗಿ ಸಿಗುವುದಿಲ್ಲ. ಎರಡನೆಯದಾಗಿ, ಅಂಥ ಕಾರ್ಬನ್‌ಗಳು ಪಲ್ಸ್ ಆದ ಮೇಲೆ ತಮ್ಮ ಮೂಲಸ್ಥಿತಿಗೆ ಮರಳಲು ಹಲವಾರು ಸೆಕೆಂಡುಗಳನ್ನು, ಕೆಲವೊಮ್ಮೆ ಹತ್ತಾರು ಸೆಕೆಂಡುಗಳನ್ನು ತೆಗೆದುಕೊಳ್ಳುತ್ತವೆ. ಅಷ್ಟರೊಳಗೆ ಮುಂದಿನ ಪಲ್ಸ್ ಬಂದುಬಿಡುವುದರಿಂದ ಅವುಗಳ ರೇಖೆ ಕುಳ್ಳಗೇ ಉಳಿಯುತ್ತದೆ. ಈ ಎರಡನ್ನೂ ಸರಿಪಡಿಸಿ ಪ್ರಮಾಣಬದ್ಧ ರೋಹಿತ ತೆಗೆಯುವ ವಿಧಾನಗಳಿವೆ, ಆದರೆ ಸಮಯ ಹಿಡಿಯುವುದರಿಂದ ದಿನನಿತ್ಯದ ಮಾದರಿಗಳಿಗೆ ಯಾರೂ ಹಾಗೆ ಮಾಡುವುದಿಲ್ಲ.

ಆದರೂ ಎತ್ತರ ಎರಡು ಕಡೆ ಉಪಯೋಗಕ್ಕೆ ಬರುತ್ತದೆ. ಚಿತ್ರದ ರೂಪದಲ್ಲಿ ರೋಹಿತ ಕೊಟ್ಟಿದ್ದರೆ ಗಿಡ್ಡ ರೇಖೆಗಳು ಹೆಚ್ಚಾಗಿ ಹೈಡ್ರೋಜನ್ ಇಲ್ಲದ ಕಾರ್ಬನ್‌ಗಳವು. ಉಂಗುರದ ಹೈಡ್ರೋಜನ್ ಇರುವ ಕಾರ್ಬನ್‌ಗಳನ್ನು ಅವುಗಳಲ್ಲೇ ಹೋಲಿಸಿದಾಗ, ಆರ್ಥೋ ಮತ್ತು ಮೆಟಾ ಜೋಡಿಗಳು ಒಂಟಿ ಪ್ಯಾರಾ ಕಾರ್ಬನ್‌ಗಿಂತ ಸುಮಾರು ಇಮ್ಮಡಿ ಎತ್ತರ ಕಾಣುತ್ತವೆ. ನಿಮ್ಮ ಲೆಕ್ಕದಲ್ಲಿ ಚಿತ್ರವಿದ್ದಿದ್ದರೆ 126ರ ರೇಖೆ 122 ಮತ್ತು 129ರ ರೇಖೆಗಳಿಗಿಂತ ಗಿಡ್ಡವಾಗಿರುತ್ತಿತ್ತು. ಸಮಾನ ಮನೆತನದ ಕಾರ್ಬನ್‌ಗಳ ನಡುವೆ ಮಾತ್ರ ಈ ಹೋಲಿಕೆ ನಡೆಯುತ್ತದೆ, 169ನ್ನು 129ರ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ರೇಖೆಗಳು ಒಂಟಿಯಾಗಿ ಏಕೆ ಕಾಣುತ್ತವೆ ಎಂಬುದನ್ನೂ ತಿಳಿದಿರಬೇಕು, ಏಕೆಂದರೆ ಎಷ್ಟೋ ಪ್ರಶ್ನೆಗಳು ಅದರ ಅಪವಾದಗಳ ಮೇಲೆಯೇ ನಿಂತಿವೆ. ನಿಸರ್ಗದಲ್ಲಿ ಕಾರ್ಬನ್-13ರ ಪ್ರಮಾಣ ಶೇ. 1.1 ಮಾತ್ರ. ಅಂಥ ಎರಡು ಪರಮಾಣುಗಳು ಪಕ್ಕಪಕ್ಕದಲ್ಲೇ ಇರುವ ಸಂಭವ ಹತ್ತು ಸಾವಿರಕ್ಕೆ ಒಂದರ ಆಸುಪಾಸು, ಆದ್ದರಿಂದ ಕಾರ್ಬನ್-ಕಾರ್ಬನ್ ಕಪ್ಲಿಂಗ್ ಕಾಣುವುದಿಲ್ಲ. ಪ್ರೋಟಾನ್ ಕಪ್ಲಿಂಗ್ ಅನ್ನು ಡಿಕಪ್ಲರ್ ಅಳಿಸಿಹಾಕುತ್ತದೆ. ಆದರೆ ಡಿಕಪ್ಲರ್ ಅಳಿಸುವುದು ಪ್ರೋಟಾನ್ ಕಪ್ಲಿಂಗ್ ಅನ್ನು ಮಾತ್ರ; ಫ್ಲೋರಿನ್, ಫಾಸ್ಫರಸ್ ಮತ್ತು ಡ್ಯುಟೇರಿಯಂ ಹಾಗೆಯೇ ಉಳಿಯುತ್ತವೆ. ಫ್ಲೋರೊಬೆಂಜೀನ್‌ನಲ್ಲಿ ನಾಲ್ಕು ಬಗೆಯ ಕಾರ್ಬನ್‌ಗಳಿದ್ದರೂ ಪ್ರತಿಯೊಂದೂ ಡಬ್ಲೆಟ್ (ಜೋಡಿ ರೇಖೆ) ಆಗುವುದರಿಂದ ಎಂಟು ರೇಖೆಗಳು ಕಾಣುತ್ತವೆ. ಫ್ಲೋರಿನ್ ಹೊತ್ತ ಕಾರ್ಬನ್ 163ರ ಬಳಿ ಸುಮಾರು 245 ಹರ್ಟ್ಸ್‌ನಷ್ಟು ಅಗಲವಾಗಿ ಸೀಳಿರುತ್ತದೆ, ಆರ್ಥೋದಲ್ಲಿ ಅದು ಸುಮಾರು 21, ಮೆಟಾದಲ್ಲಿ 8, ಪ್ಯಾರಾದಲ್ಲಿ 3 ಹರ್ಟ್ಸ್. ಅಣುಸೂತ್ರದಲ್ಲಿ ಫ್ಲೋರಿನ್ ಕಂಡ ತಕ್ಷಣ, ಕೇಳಿರುವುದು «ಎಷ್ಟು ಬಗೆಯ ಕಾರ್ಬನ್» ಎಂದೋ «ಎಷ್ಟು ರೇಖೆ» ಎಂದೋ ಎಂಬುದನ್ನು ಮತ್ತೊಮ್ಮೆ ಓದಿ.

ದ್ರಾವಕದ ವಿಷಯವೂ ಇದೇ. ಡ್ಯುಟೇರಿಯಂನ ಸ್ಪಿನ್ 1 ಆದ್ದರಿಂದ ಸಿಡಿಸಿಎಲ್₃ 77 ಪಿಪಿಎಂನಲ್ಲಿ ಸಮಾನ ಎತ್ತರದ ಮೂರು ರೇಖೆಗಳನ್ನು ಕೊಡುತ್ತದೆ, ಡಿಎಂಎಸ್‌ಒ-ಡಿ6 ಆದರೆ 39.5ರಲ್ಲಿ ಏಳು. ಡೆಪ್ಟ್‌ನಲ್ಲಿ ಇವು ಕಾಣುವುದಿಲ್ಲ, ಏಕೆಂದರೆ ಅವುಗಳಲ್ಲಿ ಪ್ರೋಟಾನ್ ಇಲ್ಲ.

ಪ್ರಶ್ನೆ ಕೇಳಿದವರು

ಸರ್, ಇಬ್ಬರಿಗೂ ಧನ್ಯವಾದಗಳು. ಉಂಗುರದ ರೇಖೆಗಳನ್ನು 128.5ರಿಂದ ಅಳೆಯುವ ಕ್ರಮ ಸ್ಪಷ್ಟವಾಯಿತು. ಇನ್ನೊಂದು ವಿಷಯ. ಕೆಲವು ಹಳೆಯ ಪ್ರಶ್ನೆಗಳಲ್ಲಿ ಅಂಕಿಯ ಪಕ್ಕದಲ್ಲಿ ಎಸ್, ಡಿ, ಟಿ, ಕ್ಯೂ ಎಂದು ಬರೆದಿರುತ್ತಾರೆ. ಡಿಕಪಲ್ ಮಾಡಿದ ಮೇಲೂ ಸೀಳುವಿಕೆ ಎಲ್ಲಿಂದ ಬಂತು, ಅದು ಪಕ್ಕದ ಕಾರ್ಬನ್‌ನ ಹೈಡ್ರೋಜನ್‌ಗಳನ್ನು ಹೇಳುತ್ತದೆಯೇ? ಬಾಯಿಪಾಠದ ಪ್ರಶ್ನೆಗೂ ಯಾರಾದರೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 3: ನೆಟ್ ಮುಗಿಸಿದವ

ಆ ಅಕ್ಷರಗಳು ಆಫ್-ರೆಸೊನೆನ್ಸ್ ಡಿಕಪ್ಲಿಂಗ್ ಕಾಲದಿಂದ ಬಂದವು. ಆ ವಿಧಾನದಲ್ಲಿ ಕಾರ್ಬನ್‌ಗೂ ಅದಕ್ಕೇ ನೇರವಾಗಿ ಅಂಟಿದ ಹೈಡ್ರೋಜನ್‌ಗಳಿಗೂ ನಡುವಿನ ಸೀಳು ಮಾತ್ರ, ಅದೂ ಕುಗ್ಗಿದ ರೂಪದಲ್ಲಿ, ಉಳಿಯುತ್ತದೆ. ಕ್ಯೂ ಎಂದರೆ ಮೀಥೈಲ್, ಟಿ ಎಂದರೆ ಮೆಥಿಲೀನ್, ಡಿ ಎಂದರೆ ಮೆಥೈನ್, ಎಸ್ ಎಂದರೆ ಹೈಡ್ರೋಜನ್ ಇಲ್ಲದ್ದು. ಪಕ್ಕದ ಮನೆಯವರ ಸುದ್ದಿ ಇಲ್ಲಿಲ್ಲ. ಪ್ರೋಟಾನ್ ರೋಹಿತದ ಅಭ್ಯಾಸಬಲದಿಂದ ಕ್ಯೂ ಕಂಡ ಕೂಡಲೇ ಈಥೈಲ್ ಗುಂಪನ್ನು ಬರೆಯುವವರು ಬಹಳ ಮಂದಿ.

ಈ ಅಕ್ಷರಗಳು ಕೈಯಲ್ಲಿದ್ದರೆ ಮೊದಲು ಹೈಡ್ರೋಜನ್‌ಗಳನ್ನು ಕೂಡಿಸಿ ಅಣುಸೂತ್ರಕ್ಕೆ ತಾಳೆ ನೋಡಿ. ಫೀನೈಲ್ ಅಸಿಟೇಟ್‌ನಲ್ಲಿ ಮೀಥೈಲ್‌ನ ಮೂರು, ಉಂಗುರದ ಐದು, ಒಟ್ಟು ಎಂಟು, ಸೂತ್ರದಲ್ಲೂ ಎಂಟು. ಟೊಲುಯಿಕ್ ಆಮ್ಲವಾದರೆ ಮೂರು ಮತ್ತು ನಾಲ್ಕು ಸೇರಿ ಏಳು, ಒಂದು ಕಡಿಮೆ ಬೀಳುತ್ತದೆ. ಹಾಗೆ ಕಡಿಮೆ ಬಿದ್ದ ಹೈಡ್ರೋಜನ್ ಕಾರ್ಬನ್‌ನ ಮೇಲಿಲ್ಲ, ಆಮ್ಲಜನಕದ ಅಥವಾ ಸಾರಜನಕದ ಮೇಲಿದೆ ಎಂದರ್ಥ. ಪ್ರೋಟಾನ್ ರೋಹಿತವನ್ನೇ ನೋಡದೆ ಆಲ್ಕೊಹಾಲ್ ಅಥವಾ ಆಮ್ಲವನ್ನು ಪತ್ತೆ ಮಾಡಬಹುದಾದ ಈ ದಾರಿಯನ್ನು ನಮ್ಮ ತರಗತಿಗಳಲ್ಲಿ ಅಷ್ಟಾಗಿ ಹೇಳಿಕೊಡುವುದಿಲ್ಲ.

ಬಾಯಿಪಾಠದ ಬಗ್ಗೆ ನನ್ನ ಅಭಿಪ್ರಾಯ ತುಸು ಕಟುವಾಗಿದೆ. ದೊಡ್ಡ ಕೋಷ್ಟಕಗಳನ್ನೂ, ಪ್ರತಿ ಗುಂಪಿನ ಕೂಡು-ಕಳೆ ಅಂಕಿಗಳನ್ನೂ ಉರುಹೊಡೆಯುವುದು ಸಮಯ ಹಾಳು. ಕೆಲವು ಗಡಿಗಳು ತಿಳಿದಿದ್ದರೆ ಸಾಕು. 50ರವರೆಗೆ ಸಾಮಾನ್ಯ ಎಸ್‌ಪಿ³ (ಏಕಬಂಧಗಳಷ್ಟೇ ಇರುವ) ಕಾರ್ಬನ್. 50ರಿಂದ 90ರವರೆಗೆ ಆಮ್ಲಜನಕ ಹೊತ್ತ ಎಸ್‌ಪಿ³ ಕಾರ್ಬನ್. 100ರಿಂದ 160ರವರೆಗೆ ದ್ವಿಬಂಧ ಮತ್ತು ಉಂಗುರ. 160ರಿಂದ 185ರವರೆಗೆ ಆಮ್ಲ, ಎಸ್ಟರ್, ಅಮೈಡ್. 190ರ ಮೇಲೆ ಆಲ್ಡಿಹೈಡ್, ಕೀಟೋನ್. ಪರೀಕ್ಷೆಯಲ್ಲಿ ಅಂಕ ತಂದುಕೊಡುವುದು ಈ ಗಡಿಗಳನ್ನು ಮುರಿಯುವ ಅಣುಗಳು, ಆದ್ದರಿಂದ ನೆನಪಿನ ಶಕ್ತಿಯನ್ನು ಅವಕ್ಕೆ ಮೀಸಲಿಡಿ.

ಆಲ್ಕೈನ್ ಕಾರ್ಬನ್‌ಗಳು ಆಲ್ಕೀನ್‌ಗಳ ಜಾಗಕ್ಕೆ ಬರದೆ 65–90ರಲ್ಲೇ ಉಳಿಯುತ್ತವೆ, ಹಾಗಾಗಿ ಕೆಲವೊಮ್ಮೆ ಸಿಡಿಸಿಎಲ್₃ನ ಮೂರು ರೇಖೆಗಳ ಪಕ್ಕದಲ್ಲೇ ಅಡಗಿರುತ್ತವೆ. ನೈಟ್ರೈಲ್ 115–120ರಲ್ಲಿ ಬಂದು ಉಂಗುರದ ಕಾರ್ಬನ್‌ನಂತೆ ನಟಿಸುತ್ತದೆ. ಅಸಿಟಾಲ್ ಕಾರ್ಬನ್ ಎಸ್‌ಪಿ³ ಆಗಿದ್ದರೂ ಎರಡು ಆಮ್ಲಜನಕಗಳ ಸೆಳೆತದಿಂದ 95–110ಕ್ಕೆ ಏರಿ ಆಲ್ಕೀನ್‌ನಂತೆ ಕಾಣುತ್ತದೆ. ಇಲ್ಲಿ ಅಸಂತೃಪ್ತತೆಯ ಸಂಖ್ಯೆಯೊಂದೇ ನಿಮ್ಮನ್ನು ಕಾಪಾಡುತ್ತದೆ. ಅಲೀನ್‌ನ ನಡುವಿನ, ಎರಡೂ ಕಡೆ ದ್ವಿಬಂಧವಿರುವ ಕಾರ್ಬನ್ ಸುಮಾರು 212ರಲ್ಲಿ ಬರುತ್ತದೆ, ಸೂತ್ರದಲ್ಲಿ ಆಮ್ಲಜನಕವೇ ಇಲ್ಲದಿರುವಾಗ 200ರ ಮೇಲೊಂದು ರೇಖೆ ಕಂಡರೆ ಗಾಬರಿಯಾಗದೆ 73ರ ಆಸುಪಾಸಿನಲ್ಲಿ ಅದರ ತುದಿಯ ಕಾರ್ಬನ್‌ಗಳನ್ನು ಹುಡುಕಿ. ಅಯೋಡಿನ್ ಮತ್ತು ಬ್ರೋಮಿನ್‌ಗಳು ವಿದ್ಯುದೃಣತೆಯ ಪಾಠವನ್ನೇ ಸುಳ್ಳು ಮಾಡುತ್ತವೆ. ಮೀಥೈಲ್ ಅಯೋಡೈಡ್‌ನ ಕಾರ್ಬನ್ ಸೊನ್ನೆ ಪಿಪಿಎಂನ ಮಾನದಂಡವಾದ ಟಿಎಂಎಸ್‌ಗಿಂತಲೂ ಕೆಳಗೆ, −20ರ ಆಚೆ ಬರುತ್ತದೆ. ಸೈಕ್ಲೋಪ್ರೊಪೇನ್ ಕೂಡ ಸೊನ್ನೆಯ ಕೆಳಗೇ.

ಕಾರ್ಬೊನಿಲ್‌ನಲ್ಲಿ ಸಂಯುಗ್ಮನದ ಪರಿಣಾಮವನ್ನು ಚೆನ್ನಾಗಿ ತಿಳಿದುಕೊಳ್ಳಿ. ಸೈಕ್ಲೋಹೆಕ್ಸನೋನ್ ಸುಮಾರು 212, ಅದಕ್ಕೆ ಪಕ್ಕದಲ್ಲೊಂದು ದ್ವಿಬಂಧ ಸೇರಿ ಸೈಕ್ಲೋಹೆಕ್ಸ್-2-ಎನೋನ್ ಆದರೆ ಸುಮಾರು 200. ಜೊತೆಗೆ ದ್ವಿಬಂಧದ ದೂರದ ತುದಿಯಾದ ಬೀಟಾ ಕಾರ್ಬನ್ 151ಕ್ಕೆ ಏರಿ, ಕಾರ್ಬೊನಿಲ್ ಪಕ್ಕದ ಆಲ್ಫಾ ಕಾರ್ಬನ್ 130ರಲ್ಲೇ ಉಳಿಯುತ್ತದೆ. ರೆಸೊನೆನ್ಸ್ ರಚನೆ ಬರೆದರೆ ಧನಾವೇಶ ಬೀಟಾ ಕಾರ್ಬನ್‌ನ ಮೇಲೆ ಬಂದು ಕೂರುವುದು ಕಾಣುತ್ತದೆ, ಅಂಕಿಯನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಬಹುಆಯ್ಕೆಯ ಪರೀಕ್ಷೆಯಲ್ಲಿ ರೋಹಿತದಿಂದ ರಚನೆಗೆ ಹೋಗುವುದಕ್ಕಿಂತ ರಚನೆಯಿಂದ ರೋಹಿತಕ್ಕೆ ಬರುವುದು ಬೇಗ ಮುಗಿಯುತ್ತದೆ. ಪ್ರತಿ ಆಯ್ಕೆಗೂ ಬೇರೆಯವರಲ್ಲಿ ಇಲ್ಲದ ಒಂದು ರೇಖೆ ಯಾವುದೆಂದು ಬರೆದುಕೊಂಡು, ಕೊಟ್ಟ ಸಾಲಿನಲ್ಲಿ ಅದು ಇದೆಯೇ ಎಂದಷ್ಟೇ ನೋಡಿ. ಸಿ ಭಾಗದ 60 ಪ್ರಶ್ನೆಗಳಲ್ಲಿ 25ನ್ನು ಮಾತ್ರ ಉತ್ತರಿಸಬೇಕಾಗಿರುವುದರಿಂದ, ಆ ಒಂದು ರೇಖೆ ಸಿಗದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲು ಅಡ್ಡಿಯಿಲ್ಲ.

ಉತ್ತರ 4: ಹಳೇ ಮೇಷ್ಟ್ರು

ಕೂಡು-ಕಳೆ ಅಂಕಿಗಳೆಲ್ಲ ಸಮಯ ಹಾಳು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೋಷ್ಟಕವಿಡೀ ಬೇಡ, ಸರಿ. ಆದರೆ ಮೆಥಾಕ್ಸಿ ಗುಂಪಿನ ನಾಲ್ಕು ಅಂಕಿಗಳನ್ನಾದರೂ ತಿಳಿದಿರಬೇಕು. ಇಪ್ಸೊಗೆ ಸುಮಾರು +31, ಆರ್ಥೋಗೆ −14, ಮೆಟಾಗೆ +1, ಪ್ಯಾರಾಗೆ −8. ಪ್ಯಾರಾ-ಅನಿಸಾಲ್ಡಿಹೈಡ್‌ನಲ್ಲಿ ಮೆಥಾಕ್ಸಿಗೆ ಆರ್ಥೋ ಇರುವ ಕಾರ್ಬನ್ 128.5ರಿಂದ 14 ಇಳಿದು 114ಕ್ಕೆ ಬರುತ್ತದೆ, ಪ್ರಯೋಗದಲ್ಲಿ ಸಿಗುವುದೂ 114.3. ವೆನಿಲಿನ್‌ನಂಥ ಅಣುವಿನಲ್ಲಿ ಮೂರು ಗುಂಪುಗಳಿರುವಾಗ, ಅಥವಾ ಒಂದೇ ಸೂತ್ರದ ಎರಡು ಡೈಮೆಥಾಕ್ಸಿ ಐಸೊಮರ್‌ಗಳನ್ನು ಬೇರ್ಪಡಿಸಬೇಕಾದಾಗ, ಗಡಿಗಳ ಜ್ಞಾನವೊಂದೇ ಸಾಲುವುದಿಲ್ಲ.

ಸಮಮಿತಿಯ ಎಣಿಕೆಗೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಬಿ ಭಾಗದ 2 ಅಂಕದ ಪ್ರಶ್ನೆಗಳಿಗೆ ಅದು ಹೇಳಿ ಮಾಡಿಸಿದ ವಿಷಯ. ಜೈಲೀನ್‌ಗಳಲ್ಲಿ ಆರ್ಥೋ 4, ಮೆಟಾ 5, ಪ್ಯಾರಾ 3 ರೇಖೆ ಎಂಬುದು ಎಲ್ಲರಿಗೂ ಗೊತ್ತು. ಟ್ರೈಮೀಥೈಲ್ ಬೆಂಜೀನ್‌ಗಳಲ್ಲಿ 1,3,5ಕ್ಕೆ 3, 1,2,3ಕ್ಕೆ 6, 1,2,4ಕ್ಕೆ 9. ಇಷ್ಟು ಕಾಗದದ ಮೇಲೆಯೇ ಕಾಣುವ ಸಮಮಿತಿ. ಕಾಗದದ ಮೇಲೆ ಒಂದೇ ಎನಿಸಿ ರೋಹಿತದಲ್ಲಿ ಬೇರೆಯಾಗುವವು ಕಷ್ಟ. ಮೆಂಥಾಲ್‌ನ ಐಸೊಪ್ರೊಪೈಲ್‌ನಲ್ಲಿರುವ ಎರಡು ಮೀಥೈಲ್‌ಗಳು ಕೈರಲ್ ಕೇಂದ್ರಗಳ ನೆರೆಯಲ್ಲಿರುವುದರಿಂದ ಡಯಾಸ್ಟೀರಿಯೊಟಾಪಿಕ್ ಆಗಿ, ಅಂದರೆ ಸುತ್ತಲಿನ ಪರಿಸರ ಬೇರೆ ಬೇರೆಯಾಗಿ, 16 ಮತ್ತು 21ರಲ್ಲಿ ಬೇರೆ ಬೇರೆ ನಿಲ್ಲುತ್ತವೆ. ಹೀಗಾಗಿ ಮೆಂಥಾಲ್‌ನ ಹತ್ತು ಕಾರ್ಬನ್‌ಗೂ ಹತ್ತು ರೇಖೆ. ಡಿಎಂಎಫ್‌ನಲ್ಲಿ (ಡೈಮೀಥೈಲ್ ಫಾರ್ಮಮೈಡ್) ಸಾರಜನಕ-ಕಾರ್ಬೊನಿಲ್ ಬಂಧ ಭಾಗಶಃ ದ್ವಿಬಂಧವಾಗಿ ಕೊಠಡಿ ತಾಪದಲ್ಲಿ ಸುಲಭವಾಗಿ ತಿರುಗದ ಕಾರಣ ಎರಡು ಮೀಥೈಲ್‌ಗಳು 31 ಮತ್ತು 36ರಲ್ಲಿ ಕಾಣುತ್ತವೆ. ತಾಪ ಸಾಕಷ್ಟು ಏರಿಸಿದರೆ ಒಂದಾಗುತ್ತವೆ. ಇದಕ್ಕೆ ವಿರುದ್ಧವಾಗಿ ಸಿಸ್-1,2-ಡೈಮೀಥೈಲ್ ಸೈಕ್ಲೋಹೆಕ್ಸೇನ್‌ನಲ್ಲಿ ಒಂದು ಮೀಥೈಲ್ ಅಕ್ಷೀಯ, ಇನ್ನೊಂದು ಈಕ್ವಟೋರಿಯಲ್ ಆಗಿದ್ದರೂ ಉಂಗುರ ವೇಗವಾಗಿ ಮಗುಚುವುದರಿಂದ ಕೊಠಡಿ ತಾಪದಲ್ಲಿ ನಾಲ್ಕೇ ರೇಖೆ.

ಈಗ ನಿಮಗೊಂದು ಲೆಕ್ಕ. ಸಿ₆ಎಚ್₁₀ಒ, ರೇಖೆಗಳು 198, 155, 124, 32, 28 ಮತ್ತು 21. ಡೆಪ್ಟ್-135ರಲ್ಲಿ 198 ಮತ್ತು 155 ಕಾಣುವುದಿಲ್ಲ, ಉಳಿದ ನಾಲ್ಕೂ ಮೇಲ್ಮುಖ. ಡೆಪ್ಟ್-90ರಲ್ಲಿ 124 ಒಂದೇ ಕಾಣುತ್ತದೆ. ಆಯ್ಕೆಗಳಿಲ್ಲ, ರಚನೆಯನ್ನು ನೀವೇ ಬರೆಯಬೇಕು.

ಪ್ರಶ್ನೆ ಕೇಳಿದವರು

ಸರ್, ಪ್ರಯತ್ನಿಸಿದ್ದೇನೆ. ಅಸಂತೃಪ್ತತೆಯ ಸಂಖ್ಯೆ 2. ಆರು ಕಾರ್ಬನ್‌ಗೆ ಆರು ರೇಖೆಗಳಿರುವುದರಿಂದ ಸಮಮಿತಿ ಇಲ್ಲ. ಡೆಪ್ಟ್‌ನಲ್ಲಿ ಕೆಳಮುಖ ರೇಖೆಯೇ ಇಲ್ಲವಾದ್ದರಿಂದ ಮೆಥಿಲೀನ್ ಒಂದೂ ಇಲ್ಲ. ಡೆಪ್ಟ್-90ರಲ್ಲಿ ಮೆಥೈನ್ ಮಾತ್ರ ಉಳಿಯುವುದರಿಂದ 124 ಮೆಥೈನ್, ಹಾಗಾದರೆ 32, 28 ಮತ್ತು 21 ಮೂರೂ ಮೀಥೈಲ್. ಹೈಡ್ರೋಜನ್ ಲೆಕ್ಕ ಒಂದು ಮತ್ತು ಒಂಬತ್ತು ಸೇರಿ ಹತ್ತು, ಸೂತ್ರಕ್ಕೆ ತಾಳೆಯಾಗುತ್ತದೆ, ಆದ್ದರಿಂದ ಆಲ್ಕೊಹಾಲ್ ಅಲ್ಲ. 198 ಡೆಪ್ಟ್‌ನಲ್ಲಿ ಕಾಣದ ಕಾರಣ ಆಲ್ಡಿಹೈಡ್ ಅಲ್ಲ, ಕೀಟೋನ್. 200ಕ್ಕಿಂತ ಕೆಳಗಿರುವುದರಿಂದ ಸಂಯುಗ್ಮಿತ ಕೀಟೋನ್. 155 ಬೀಟಾ ಕಾರ್ಬನ್, ಅದರ ಮೇಲೆ ಹೈಡ್ರೋಜನ್ ಇಲ್ಲ. 124 ಆಲ್ಫಾ ಕಾರ್ಬನ್. ಬೀಟಾ ಕಾರ್ಬನ್‌ಗೆ ಎರಡು ಮೀಥೈಲ್, ಕಾರ್ಬೊನಿಲ್‌ಗೆ ಒಂದು ಮೀಥೈಲ್ ಸೇರಿಸಿದರೆ 4-ಮೀಥೈಲ್‌ಪೆಂಟ್-3-ಎನ್-2-ಓನ್, ಅಂದರೆ ಮೆಸಿಟೈಲ್ ಆಕ್ಸೈಡ್ ಬರುತ್ತದೆ. ಕಾರ್ಬೊನಿಲ್ ಪಕ್ಕದ ಮೀಥೈಲ್ 32 ಎಂದುಕೊಂಡಿದ್ದೇನೆ. ಆದರೆ ಒಂದೇ ಕಾರ್ಬನ್‌ನ ಮೇಲಿರುವ ಎರಡು ಮೀಥೈಲ್‌ಗಳ ನಡುವೆ ಏಳು ಪಿಪಿಎಂ ಅಂತರ ಏಕೆ? ಇಲ್ಲಿ ಕೈರಲ್ ಕೇಂದ್ರವೂ ಇಲ್ಲ.

ಉತ್ತರ 5: ಎನ್‌ಎಂಆರ್ ಕೊಠಡಿ

ರಚನೆ ಸರಿಯಾಗಿದೆ, 32 ಕೂಡ ಸರಿ. ದ್ವಿಬಂಧ ತಿರುಗುವುದಿಲ್ಲವಾದ್ದರಿಂದ ಒಂದು ಮೀಥೈಲ್ ಅಸಿಟೈಲ್ ಗುಂಪಿನ ಬದಿಗೆ, ಇನ್ನೊಂದು ಹೈಡ್ರೋಜನ್‌ನ ಬದಿಗೆ ಶಾಶ್ವತವಾಗಿ ನಿಂತಿವೆ. ಅಸಿಟೈಲ್‌ನ ಬದಿಯದು ಅದಕ್ಕೆ ಒತ್ತಿಕೊಂಡಿರುತ್ತದೆ. ಹೀಗೆ ಗಾಮಾ ಸ್ಥಾನದ ಗುಂಪಿನಿಂದ ಒತ್ತಡಕ್ಕೆ ಸಿಕ್ಕಿದ ಕಾರ್ಬನ್ ಅಪ್‌ಫೀಲ್ಡ್‌ಗೆ, ಅಂದರೆ ಕಡಿಮೆ ಪಿಪಿಎಂ ಕಡೆಗೆ, ಸರಿಯುತ್ತದೆ. ಆದ್ದರಿಂದ 21 ಅಸಿಟೈಲ್‌ನ ಬದಿಯ ಮೀಥೈಲ್, 28 ಹೈಡ್ರೋಜನ್‌ನ ಬದಿಯದು. ಇದೇ ಕಾರಣಕ್ಕೆ ಸಿಸ್-2-ಬ್ಯೂಟೀನ್‌ನ ಮೀಥೈಲ್‌ಗಳು 12ರ ಸುಮಾರಿಗೂ ಟ್ರಾನ್ಸ್‌ನವು 17ರ ಸುಮಾರಿಗೂ ಬರುತ್ತವೆ, ಸೈಕ್ಲೋಹೆಕ್ಸೇನ್‌ನಲ್ಲಿ ಅಕ್ಷೀಯ ಮೀಥೈಲ್ ಈಕ್ವಟೋರಿಯಲ್‌ಗಿಂತ ಐದಾರು ಪಿಪಿಎಂ ಕೆಳಗಿರುತ್ತದೆ. ಟರ್ಪೀನ್‌ಗಳ ಪ್ರಶ್ನೆಗಳಲ್ಲಿ ದ್ವಿಬಂಧದ ತುದಿಯ ಎರಡು ಮೀಥೈಲ್‌ಗಳು ಸುಮಾರು 18 ಮತ್ತು 26ರಲ್ಲಿ ಬಂದಾಗಲೂ ಇದೇ ವಿವರಣೆ ಅನ್ವಯಿಸುತ್ತದೆ.

ಅಭ್ಯಾಸಕ್ಕೆ ಇನ್ನಷ್ಟು ರೋಹಿತಗಳು ಬೇಕಿದ್ದರೆ ಜಪಾನಿನ ಎಐಎಸ್‌ಟಿ ಸಂಸ್ಥೆಯ ಎಸ್‌ಡಿಬಿಎಸ್ ದತ್ತಾಂಶಕೋಶ ಉಚಿತವಾಗಿ ಸಿಗುತ್ತದೆ. ಸಿ₈ಎಚ್₈ಒ₂ ಎಂಬ ಸೂತ್ರವನ್ನೇ ಅಲ್ಲಿ ಹುಡುಕಿ, ಹೆಸರು ನೋಡದೆ ರೇಖೆಗಳನ್ನು ಬರೆದುಕೊಂಡು ಒಂದೊಂದನ್ನೇ ಬಿಡಿಸಿ. ಬೆಂಜೈಲ್ ಫಾರ್ಮೇಟ್ ಅನ್ನು ಮಾತ್ರ ತಪ್ಪದೆ ನೋಡಿ. ಅದರ 161ರ ಕಾರ್ಬೊನಿಲ್ ಎಸ್ಟರ್‌ನದಾಗಿದ್ದರೂ ಹೈಡ್ರೋಜನ್ ಹೊತ್ತಿರುವುದರಿಂದ ಡೆಪ್ಟ್‌ನಲ್ಲಿ ಮೇಲ್ಮುಖವಾಗಿ ಬರುತ್ತದೆ, ಎಸ್ಟರ್ ಕಾರ್ಬೊನಿಲ್ ಡೆಪ್ಟ್‌ನಲ್ಲಿ ಎಂದೂ ಕಾಣುವುದಿಲ್ಲ ಎಂದು ನೋಟ್ಸ್‌ನಲ್ಲಿ ಬರೆದುಕೊಂಡಿದ್ದರೆ ಅದನ್ನು ತಿದ್ದಿಕೊಳ್ಳಬಹುದು.